ಆರಂಭಶೂರರು ಯಾರು?

ಭಾರತ ಹಾಕಿ ತಂಡ ಯಾವುದಾದರೂ ಟೂರ್ನಿಯ ಮೊದಲ ಮೂರು ಪಂದ್ಯ ಗೆದ್ದರೆ ಸಾಕು, ಮಾರನೆಯ ಬೆಳಿಗ್ಗೆಯೇ ಬುದ್ಧಿಮಾತು ಶುರುವಾಗುತ್ತದೆ. ಜಾಸ್ತಿ ಆಸೆ ಇಟ್ಕೋಬೇಡಿ. ಇದಿನ್ನೂ ಶುರು. ಹುಡುಗರ ತಲೆ ಮೇಲೆ ಭಾರ ಹೇರಬೇಡಿ. ಟಿ.ವಿ. ಚರ್ಚೆಗೆ ಬಂದು ಕೂತ ಹಿರಿಯರು ಇದನ್ನೇ ಹೇಳುತ್ತಾರೆ, ಕ್ರೀಡಾ ಪುಟದ ಅಂಕಣ ಇದನ್ನೇ ಬರೆಯುತ್ತದೆ, ಚಹಾದಂಗಡಿಯಲ್ಲಿ ಪಕ್ಕಕ್ಕೆ ಕೂತವರೂ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡಿ ಎಂದು ಗಾದೆ ಹೇಳಿ ಎದ್ದು ಹೋಗುತ್ತಾರೆ. ಮುಂದೆ ತಂಡ ಸೋತರೆ ಅದೇ ಬುದ್ಧಿಮಾತು ತೀರ್ಪಾಗಿ ವಾಪಸ್ ಬರುತ್ತದೆ: ನಿರೀಕ್ಷೆಯ ಭಾರಕ್ಕೆ ತಂಡ ಕುಸಿಯಿತು.

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮೇಲೆ ನೋಡಿದರೆ ವಿವೇಕದ ಮಾತು, ಒಳಗೆ ನೋಡಿದರೆ ಹೊಣೆ ಜಾರಿಸುವ ಉಪಾಯ. ಸೋಲಿಗೆ ಕಾರಣರಾದವರನ್ನು ಕೇಳದೆ, ಕೆಲಸ ಬಿಟ್ಟು ಬಂದು ಆಟ ನೋಡಿದವನ ಆಸೆಯನ್ನೇ ಅಪರಾಧ ಮಾಡುವ ಮಾತಿದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದನ್ನು ನಾವು ಇಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ ಎನ್ನುವುದೇ ನನ್ನ ಸಂಕಟ.

2018ರ ಆಗಸ್ಟ್ 30ರಂದು ನಾನು ಕುಶಾಲನಗರದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿದ್ದೆ. ಕೊಡಗಿನಲ್ಲಿ ಗುಡ್ಡ ಕುಸಿದು ಎರಡು ವಾರವಾಗಿತ್ತು. ಮಾದಾಪುರದ ಕಡೆಯಿಂದ ಬಂದ ಒಂದು ಕುಟುಂಬ ಆ ಮನೆಯ ಮುಂದಿನ ಕೋಣೆಯಲ್ಲಿ ಉಳಿದುಕೊಂಡಿತ್ತು. ಅವರ ಕಾಫಿ ತೋಟದ ಒಂದು ಭಾಗ ಹೊಳೆಗೆ ಹೋಗಿತ್ತು, ಮನೆಗೆ ಹೋಗುವ ದಾರಿಯೇ ಇರಲಿಲ್ಲ. ಹತ್ತು ವರ್ಷದ ಮಗಳಿಗೆ ಪರಿಹಾರ ಕೇಂದ್ರದಲ್ಲಿ ಒಂದು ನೋಟ್‌ಬುಕ್ ಕೊಟ್ಟಿದ್ದರು. ಅದರ ಕೊನೆಯ ಹಾಳೆಯಲ್ಲಿ ಅವಳು ಜಕಾರ್ತಾ ಏಷ್ಯಾ ಕ್ರೀಡಾಕೂಟದ ಹಾಕಿ ಲೆಕ್ಕ ಬರೆದಿಟ್ಟಿದ್ದಳು. ಇಂಡೊನೇಷ್ಯಾ 17-0. ಹಾಂಕಾಂಗ್ 26-0. ಜಪಾನ್ 8-0. ಕೊರಿಯಾ 5-3. ಶ್ರೀಲಂಕಾ 20-0. ಕೆಳಗೆ ಅಡ್ಡಗೆರೆ ಎಳೆದು ಒಟ್ಟು 76 ಎಂದು ಕೂಡಿಸಿದ್ದಳು. ಅದರ ಕೆಳಗೆ ಮಲೇಷ್ಯಾ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದಳು. ತಂಡದಲ್ಲಿ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇದ್ದರು. ಆ ಮನೆಯಲ್ಲಿ ಆವತ್ತು ಅದು ದೂರದ ಊರಿನ ಪಂದ್ಯವಾಗಿರಲಿಲ್ಲ.

ಮಲೇಷ್ಯಾ ಎದುರಿನ ಆ ಸೆಮಿಫೈನಲ್‌ನಲ್ಲಿ ಭಾರತ 2-1 ಮುಂದಿತ್ತು. ಆಟ ಮುಗಿಯಲು ಎರಡು ನಿಮಿಷವೂ ಇಲ್ಲದಾಗ, 59ನೇ ನಿಮಿಷದಲ್ಲಿ, ಮಲೇಷ್ಯಾ ಸಮ ಮಾಡಿತು. ಶೂಟೌಟ್‌ನಲ್ಲಿ 6-7. ಟಿ.ವಿ. ಆರಿಸಿದ ಮೇಲೆ ಕೋಣೆಯಲ್ಲಿದ್ದ ಹಿರಿಯರೊಬ್ಬರು, "ನಾನು ಅವತ್ತೇ ಹೇಳಿದ್ನಲ್ಲ, ಅಷ್ಟೆಲ್ಲ ಆಸೆ ಇಟ್ಕೋಬಾರ್ದು ಅಂತ" ಎಂದರು. ಹುಡುಗಿ ನೋಟ್‌ಬುಕ್ ಮುಚ್ಚಿರಲಿಲ್ಲ. ಆವತ್ತೇ ಜಪಾನ್ ಪಾಕಿಸ್ತಾನವನ್ನು ಸೋಲಿಸಿ ಫೈನಲ್ ಸೇರಿತ್ತು. "ನಾವು ಜಪಾನ್‌ಗೆ ಎಂಟು ಗೋಲ್ ಹೊಡೆದಿದ್ವಿ. ಅವರು ಹೇಗೆ ಫೈನಲ್‌ಗೆ ಹೋದ್ರು?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಎರಡು ದಿನದ ಮೇಲೆ ಆ ಜಪಾನೇ ಚಿನ್ನ ಗೆದ್ದಿತು.

ಆ ಕೋಣೆಯಲ್ಲಿ ಹಾಕಿಯ ಬಗ್ಗೆ ಸರಿಯಾಗಿ ಯೋಚಿಸಿದ್ದು ಯಾರು? ಆಸೆ ಇಟ್ಕೋಬಾರದು ಎಂದವರೋ, ಜಪಾನ್ ಹೇಗೆ ಹೋಯಿತು ಎಂದು ಕೇಳಿದ ಹುಡುಗಿಯೋ? ಅವಳ ಪ್ರಶ್ನೆಯನ್ನು ಹಿಡಿದು ಹೊರಟರೆ ಒಂದಲ್ಲ ಒಂದು ಉತ್ತರಕ್ಕೆ ಮುಟ್ಟುತ್ತೇವೆ. ಹಿರಿಯರ ಮಾತು ಹಿಡಿದರೆ ಎಲ್ಲಿಗೂ ಹೋಗುವುದಿಲ್ಲ, ಟಿ.ವಿ. ಆರಿಸಿ ಮಲಗುತ್ತೇವೆ.

ಆ 76 ಗೋಲುಗಳ ಲೆಕ್ಕವನ್ನೇ ನೋಡಿ. ಗುಂಪಿನ ಐದು ಪಂದ್ಯಗಳಲ್ಲಿ ನಾಲ್ಕರಲ್ಲಿ ನಮ್ಮ ಮೇಲೆ ಒಂದು ಗೋಲೂ ಆಗಿರಲಿಲ್ಲ. ನಮ್ಮ ಗೋಲ್‌ಕೀಪರ್‌ಗೂ ಬ್ಯಾಕ್‌ಗಳಿಗೂ ಅಲ್ಲಿ ಪರೀಕ್ಷೆಯೇ ಆಗಲಿಲ್ಲ. ಪರೀಕ್ಷೆ ಎಂದು ಆದದ್ದು ಕೊರಿಯಾ ಎದುರು ಮಾತ್ರ, ಆ ಒಂದೇ ಪಂದ್ಯದಲ್ಲಿ ಮೂರು ಗೋಲು ಬಿಟ್ಟುಕೊಟ್ಟೆವು. ಸೆಮಿಫೈನಲ್‌ಗೆ ಮುಂಚೆಯೇ ಈ ಲೆಕ್ಕ ಎಲ್ಲರ ಕಣ್ಣ ಮುಂದೆ ಇತ್ತು. ಹತ್ತು ವರ್ಷದ ಹುಡುಗಿಯ ನೋಟ್‌ಬುಕ್ಕಿನಲ್ಲೇ ಇತ್ತು. ಆದರೆ ನಮಗೆ ಓದಲು ಸಿಕ್ಕಿದ್ದು 26-0 ಎಂಬ ದೊಡ್ಡ ಅಕ್ಷರ, 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು 24-1ರಿಂದ ಸೋಲಿಸಿದ ದಾಖಲೆ ಮುರಿಯಿತು ಎಂಬ ಸಂಭ್ರಮ. ಹಾಂಕಾಂಗ್ ಎಂಥ ತಂಡ, ಅದರೆದುರು 26 ಹೊಡೆದರೆ ಕೊನೆಯ ಹತ್ತು ನಿಮಿಷ ಗೆರೆ ಕಾಯುವುದನ್ನು ಕಲಿತಂತಾಗುತ್ತದೆಯೇ ಎಂದು ಯಾರೂ ಬರೆಯಲಿಲ್ಲ. ನಮ್ಮ ಆಸೆಯನ್ನು ಬಲೂನಿನ ಹಾಗೆ ಊದಿದವರೇ, ಅದು ಒಡೆದ ದಿನ, ಅಷ್ಟು ದೊಡ್ಡದು ಮಾಡಿಕೊಂಡದ್ದು ನಿಮ್ಮ ತಪ್ಪು ಎಂದು ನಮಗೇ ಹೇಳಿದರು. ಇದು ನ್ಯಾಯವೇ?

ಅಭಿಮಾನಿಗೆ ಬೇಕಾದದ್ದು ಕಡಿಮೆ ಆಸೆಯಲ್ಲ, ಪೂರ್ತಿ ಮಾಹಿತಿ. ಗೆಲುವಿನ ಜೊತೆಗೆ ಆ ಗೆಲುವಿನ ತೂಕವನ್ನೂ ಹೇಳಿ. ಎದುರಾಳಿ ಯಾರು, ಎಷ್ಟು ಪೆನಾಲ್ಟಿ ಕಾರ್ನರ್ ಸಿಕ್ಕಿತು, ಎಷ್ಟನ್ನು ಗೋಲು ಮಾಡಿದೆವು, ಕೊನೆಯ ಕ್ವಾರ್ಟರ್‌ನಲ್ಲಿ ಚೆಂಡು ಯಾರ ಸರ್ಕಲ್‌ನಲ್ಲಿ ಸುತ್ತುತ್ತಿತ್ತು ಎಂದು ಹೇಳಿ. ಅಷ್ಟು ಹೇಳಿದರೆ ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತವನೂ ತನ್ನ ಆಸೆಗೆ ತಾನೇ ಅಳತೆ ಹಾಕಿಕೊಳ್ಳುತ್ತಾನೆ. ಜನಕ್ಕೆ ಇದೆಲ್ಲ ಅರ್ಥವಾಗುವುದಿಲ್ಲ, ಅವರಿಗೆ ಒಂದು ದಿನ ಜಯಕಾರ, ಇನ್ನೊಂದು ದಿನ ಸಮಾಧಾನ ಸಾಕು ಎಂದು ನಂಬಿರುವವರೇ ಈ ಬುದ್ಧಿಮಾತಿನ ಹಿಂದೆ ಇರುವುದು. ಆ ತಿರಸ್ಕಾರ ನನಗೆ ಸಹಿಸಲಾಗದು.

ಸೋಲಿನ ನಿಜವಾದ ಕಾರಣ ಹುಡುಕಲು ಹೊರಟರೆ ದಾಖಲೆ ನಮ್ಮ ಮುಂದೆಯೇ ಇದೆ. 2010ರ ಫೆಬ್ರವರಿ 28, ದೆಹಲಿಯ ಧ್ಯಾನ್‌ಚಂದ್ ಕ್ರೀಡಾಂಗಣ. ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಪಾಕಿಸ್ತಾನವನ್ನು 4-1ರಿಂದ ಸೋಲಿಸಿದೆವು. ಇದಕ್ಕಿಂತ ಒಳ್ಳೆಯ ಶುರು ಬೇಕೇ? ಆಮೇಲೆ ಆಸ್ಟ್ರೇಲಿಯಾ ಎದುರು 2-5, ಸ್ಪೇನ್ ಎದುರು 2-5, ಇಂಗ್ಲೆಂಡ್ ಎದುರು 2-3, ದಕ್ಷಿಣ ಆಫ್ರಿಕಾ ಜೊತೆ 3-3. ಕೊನೆಗೆ ಎಂಟನೇ ಸ್ಥಾನ. ತವರಿನ ಪ್ರೇಕ್ಷಕರ ನಿರೀಕ್ಷೆ ಹುಡುಗರನ್ನು ತಿಂದುಹಾಕಿತು ಎಂಬ ಮಾತು ಆಗಲೂ ಕೇಳಿಬಂತು. ಆದರೆ ಆ ವಿಶ್ವಕಪ್‌ಗೆ ಎರಡು ತಿಂಗಳೂ ಇಲ್ಲದಾಗ, ಜನವರಿಯಲ್ಲಿ, ಪುಣೆಯ ಶಿಬಿರದಲ್ಲಿ ಇದೇ ಹುಡುಗರು ಸ್ಟಿಕ್ ಕೆಳಗಿಟ್ಟು ಅಭ್ಯಾಸ ಬಹಿಷ್ಕರಿಸಿದ್ದರು. ಯಾಕೆ? ತಮಗೆ ಬರಬೇಕಾದ ಹಣ ಬಂದಿಲ್ಲ ಎಂದು. ವಿಶ್ವಕಪ್ ನಡೆಸುವ ದೇಶದ ತಂಡ ಸಂಬಳಕ್ಕಾಗಿ ಮುಷ್ಕರ ಕೂತಿತ್ತು! ಆಡಳಿತ ಯಾರದ್ದು ಎಂಬ ಜಗಳವೇ ಇತ್ಯರ್ಥವಾಗಿರಲಿಲ್ಲ. ಆ ಹುಡುಗರ ತಲೆಯ ಮೇಲಿದ್ದ ಭಾರ ಯಾವುದು, ಗ್ಯಾಲರಿಯಲ್ಲಿ ಬಾವುಟ ಹಿಡಿದು ಕೂತವರ ಆಸೆಯೋ, ಮನೆಗೆ ಹಣ ಕಳಿಸಲಾಗದ ಚಿಂತೆಯೋ?

ಇನ್ನೆರಡು ವರ್ಷ ಮುಂದೆ ಬನ್ನಿ. 2012ರ ಫೆಬ್ರವರಿಯಲ್ಲಿ ಅದೇ ದೆಹಲಿಯಲ್ಲಿ ಒಲಿಂಪಿಕ್ಸ್ ಅರ್ಹತಾ ಟೂರ್ನಿ. ಸಿಂಗಪುರ, ಇಟಲಿ, ಫ್ರಾನ್ಸ್, ಕೆನಡಾ, ಪೋಲೆಂಡ್, ಎಲ್ಲರನ್ನೂ ಸೋಲಿಸಿ, ಫೈನಲ್‌ನಲ್ಲಿ ಮತ್ತೆ ಫ್ರಾನ್ಸ್‌ಗೆ 8-1. 2008ರ ಬೀಜಿಂಗ್‌ಗೆ ಹೋಗಲಾಗದೆ ತಲೆ ತಗ್ಗಿಸಿದ್ದ ದೇಶಕ್ಕೆ ಆ ರಾತ್ರಿ ಹಬ್ಬ. ಅದೇ ವರ್ಷ ಲಂಡನ್‌ನಲ್ಲಿ ಆಡಿದ ಆರೂ ಪಂದ್ಯ ಸೋತು, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿ ಬಂದೆವು. ಆ ತಂಡದಲ್ಲಿ ನಮ್ಮ ಕೊಡಗಿನ ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ಸುನಿಲ್ ಎಲ್ಲರೂ ಇದ್ದರು. ಅವರಿಗೆ ಆಡಲು ಬರುತ್ತಿರಲಿಲ್ಲವೇ? ಖಂಡಿತ ಬರುತ್ತಿತ್ತು. ಆದರೆ ಫ್ರಾನ್ಸ್, ಪೋಲೆಂಡ್‌ಗಳ ಎದುರು ಗೆದ್ದ ತಂಡವನ್ನು ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂಗಳ ಮುಂದೆ ನಿಲ್ಲಿಸುವಷ್ಟರ ಮಟ್ಟಿಗೆ ಸಿದ್ಧಮಾಡುವುದು ಅಭಿಮಾನಿಯ ಕೆಲಸವಲ್ಲ. ಅದು ಯಾರ ಕೆಲಸವೋ ಅವರ ಹೆಸರನ್ನು ಆಗ ಯಾರೂ ಎತ್ತಲಿಲ್ಲ.

ಆರಂಭಶೂರತ್ವ ಎಂಬ ಮಾತು ನಮ್ಮ ಭಾಷೆಯಲ್ಲಿದೆ. ಅದನ್ನು ಆಟಗಾರರಿಗೆ ಅಂಟಿಸುತ್ತಾರೆ, ಶುರುವಿನಲ್ಲೇ ಕುಣಿದಾಡಿದರು ಎಂದು ಅಭಿಮಾನಿಗಳಿಗೂ ಅಂಟಿಸುತ್ತಾರೆ. ನಾನು ಕೇಳುವುದು, ಈ ಆಟದಲ್ಲಿ ನಿಜವಾದ ಆರಂಭಶೂರರು ಯಾರು? 1998ರಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯಾ ಕ್ರೀಡಾಕೂಟದ ಚಿನ್ನ ಬಂತು. ಬೆಂಗಳೂರಿನ ಆಶಿಶ್ ಬಲ್ಲಾಳ್ ಗೋಲು ಕಾದದ್ದನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ಗೆದ್ದು ಬಂದ ಸ್ವಲ್ಪ ದಿನಕ್ಕೇ ಬಲ್ಲಾಳ್, ಧನರಾಜ್ ಪಿಳ್ಳೆ ಸೇರಿದಂತೆ ಹಲವರನ್ನು ತಂಡದಿಂದ ಕೈಬಿಟ್ಟರು, ಕೋಚ್ ಎಂ.ಕೆ. ಕೌಶಿಕ್ ಅವರನ್ನೂ ತೆಗೆದರು. ಗೆದ್ದ ತಂಡವನ್ನು ಒಡೆದದ್ದು ಯಾವ ಅಭಿಮಾನಿಯ ನಿರೀಕ್ಷೆ?

2014ರಲ್ಲಿ ಇಂಚಿಯಾನ್‌ನಲ್ಲಿ ಮತ್ತೆ ಚಿನ್ನ. ಎರಡು ತಿಂಗಳೂ ಆಗಲಿಲ್ಲ, ಕೋಚ್ ಟೆರ್ರಿ ವಾಲ್ಶ್ ಬಿಟ್ಟುಹೋದರು. ಆಮೇಲೆ ಪಾಲ್ ವಾನ್ ಆಸ್ ಬಂದರು, ಹೋದರು. ರೋಲಂಟ್ ಓಲ್ಟ್‌ಮನ್ಸ್ ಬಂದರು, ಅವರನ್ನೂ ತೆಗೆದರು. ಶೋರ್ಡ್ ಮರೈನೆ, ಹರೇಂದ್ರ ಸಿಂಗ್, 2019ರಲ್ಲಿ ಗ್ರಹಾಂ ರೀಡ್. ಐದು ವರ್ಷದಲ್ಲಿ ಆರು ಜನ. ನಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿ ಒಂದೇ ಕ್ಲಾಸಿಗೆ ಐದು ವರ್ಷದಲ್ಲಿ ಆರು ಮೇಷ್ಟ್ರು ಬದಲಾದರೆ ಊರವರು ಬೀಗ ಹಾಕಿ ಗೇಟಿನ ಮುಂದೆ ಕೂರುತ್ತಾರೆ. ಮಕ್ಕಳ ಫಲಿತಾಂಶ ಕೆಟ್ಟರೆ, ಅಪ್ಪ ಅಮ್ಮ ಜಾಸ್ತಿ ಆಸೆ ಇಟ್ಟುಕೊಂಡಿದ್ದೇ ತಪ್ಪು ಎಂದು ಯಾರಾದರೂ ಹೇಳಿಯಾರೇ? ಹಾಕಿ ಇಂಡಿಯಾ ಲೀಗ್ 2013ರಲ್ಲಿ ಜೋರಾಗಿ ಶುರುವಾಯಿತು, 2017ರ ನಂತರ ನಿಂತಿತು, ಮತ್ತೆ ಶುರುವಾದದ್ದು 2024ರ ಡಿಸೆಂಬರ್‌ನಲ್ಲಿ. 2017ರಲ್ಲಿ ಹದಿನೈದು ವರ್ಷದ ಹುಡುಗನಾಗಿದ್ದವನಿಗೆ ಅಷ್ಟರಲ್ಲಿ ಇಪ್ಪತ್ತೆರಡು. ಹೊರದೇಶದ ಆಟಗಾರರ ಜೊತೆ ನಿಂತು ಕಲಿಯಬೇಕಾದ ವಯಸ್ಸೇ ಅವನಿಗೆ ಲೀಗ್ ಇಲ್ಲದೆ ಕಳೆದುಹೋಯಿತು. ಶುರು ಮಾಡಿ ಕೈಬಿಟ್ಟವರು ಇವರು. ಶುರುವನ್ನು ನಂಬಬೇಡಿ ಎಂಬ ಪಾಠ ಮಾತ್ರ ನಮಗೆ.

ಒತ್ತಡವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇಪ್ಪತ್ತು ಸಾವಿರ ಜನ ಸೇರುವ ರೂರ್ಕೆಲಾದ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲಿ ನಿಂತವನ ಎದೆ ಹೊಡೆದುಕೊಳ್ಳುತ್ತದೆ. 2023ರ ವಿಶ್ವಕಪ್‌ನಲ್ಲಿ ಅಲ್ಲಿ ಸ್ಪೇನ್ ಎದುರು 2-0 ಗೆದ್ದು ಶುರುಮಾಡಿದ ತಂಡ, ಭುವನೇಶ್ವರದಲ್ಲಿ ನ್ಯೂಜಿಲೆಂಡ್ ಎದುರು ಮೊದಲು 2-0, ಆಮೇಲೆ 3-1 ಮುಂದಿದ್ದು, 3-3 ಮಾಡಿಸಿಕೊಂಡು, ಶೂಟೌಟ್‌ನಲ್ಲಿ ಹೊರಬಿತ್ತು. ಕ್ವಾರ್ಟರ್‌ಫೈನಲ್ ಕೂಡ ಕಾಣಲಿಲ್ಲ. ಅದಕ್ಕೆ ಮದ್ದು ಇಪ್ಪತ್ತು ಸಾವಿರ ಜನರಿಗೆ ಬಾಯಿ ಮುಚ್ಚಿ ಎನ್ನುವುದಲ್ಲ. ಮನಸ್ಸು ಗಟ್ಟಿ ಮಾಡುವ ತರಬೇತಿ ಎಂದೊಂದಿದೆ, ಅದನ್ನು ಕಲಿಸುವವರಿದ್ದಾರೆ. ಆ ಸೋಲಾಗಿ ಕೆಲವು ತಿಂಗಳಿಗೆ ಪ್ಯಾಡಿ ಅಪ್ಟನ್ ಅವರನ್ನು ಕರೆಸಿದರು, ಕ್ರಿಕೆಟ್ ತಂಡದ ಜೊತೆ 2011ರ ವಿಶ್ವಕಪ್‌ವರೆಗೆ ಕೆಲಸ ಮಾಡಿದವರು. ತವರಿನಲ್ಲೇ ವಿಶ್ವಕಪ್ ನಡೆಯುತ್ತದೆ ಎಂದು ವರ್ಷಗಳ ಮೊದಲೇ ಗೊತ್ತಿದ್ದವರಿಗೆ ಆ ಮನುಷ್ಯ ವಿಶ್ವಕಪ್ ಮುಗಿದ ಮೇಲೆ ನೆನಪಾದದ್ದು ಏಕೆ?

ಮುಂದಿದ್ದು ಕೊನೆಗೆ ಕಳೆದುಕೊಳ್ಳುವ ಕಾಯಿಲೆ ಇವತ್ತಿನದಲ್ಲ. 1973ರಲ್ಲಿ ಆಮ್‌ಸ್ಟೆಲ್‌ವೀನ್‌ನಲ್ಲಿ, ಕೊಡಗಿನ ಎಂ.ಪಿ. ಗಣೇಶ್ ನಾಯಕತ್ವದಲ್ಲಿ, ವಿಶ್ವಕಪ್ ಫೈನಲ್‌ನಲ್ಲಿ ನೆದರ್ಲೆಂಡ್ಸ್ ಎದುರು ಶುರುವಿನಲ್ಲೇ 2-0 ಮುಂದಿದ್ದು, 2-2 ಆಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತೆವು. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪೋಲೆಂಡ್ ಎದುರು ಗೆದ್ದರೆ ಸೆಮಿಫೈನಲ್ ಎಂಬಾಗ, ಆಟ ಮುಗಿಯುವ ಹೊತ್ತಿಗೆ ಗೋಲು ಬಿಟ್ಟು 1-1. ಜಕಾರ್ತಾದ 59ನೇ ನಿಮಿಷ ಆಗಲೇ ಹೇಳಿದೆ. ಒಂದೇ ಗಾಯ ಇಷ್ಟು ವರ್ಷ ಅದೇ ಜಾಗದಲ್ಲಿ ಆಗುತ್ತಿದ್ದರೆ ವೈದ್ಯರು ಏನು ಮಾಡಬೇಕು? ಕೊನೆಯ ಐದು ನಿಮಿಷ ಆಡುವುದು ಒಂದು ವಿದ್ಯೆ. ಚೆಂಡನ್ನು ಮೂಲೆಗೆ ಒಯ್ದು ಹಿಡಿದಿಡುವುದು, ಸರ್ಕಲ್ ಹತ್ತಿರ ಸ್ಟಿಕ್ ಬೀಸದೆ ನಿಲ್ಲುವುದು, ಕಾಲಿಗೆ ಚೆಂಡು ತಾಗಿಸಿಕೊಂಡು ಪೆನಾಲ್ಟಿ ಕಾರ್ನರ್ ಕೊಡದಿರುವುದು. ಇವನ್ನು ಕಲಿಸಬಹುದು, ಅಳೆಯಬಹುದು. ನಿರೀಕ್ಷೆಯ ಭಾರ ಎಂದು ಹೆಸರಿಟ್ಟ ಕ್ಷಣವೇ ಕಲಿಸುವ ಹೊಣೆ ತಪ್ಪಿಹೋಗುತ್ತದೆ. ಹವಾಮಾನವನ್ನು ಬೈದ ಹಾಗೆ ಬೈದು ಮುಂದೆ ಹೋಗಬಹುದು.

ಇನ್ನು ಕಡಿಮೆ ನಿರೀಕ್ಷೆಯ ಫಲ ಏನೆಂದು ನೋಡಬೇಕಾದವರು ನಮ್ಮ ಮಹಿಳಾ ತಂಡವನ್ನು ನೋಡಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಮೊದಲ ಮೂರು ಪಂದ್ಯ ಸೋತರು. ಅವರ ಮೇಲೆ ಯಾರಿಗೂ ಆಸೆ ಉಳಿದಿರಲಿಲ್ಲ. ಅದಾದ ಮೇಲೆ ಐರ್ಲೆಂಡನ್ನು, ವಂದನಾ ಕಟಾರಿಯಾ ಹ್ಯಾಟ್ರಿಕ್ ಹೊಡೆದ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾವನ್ನು, ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ನಾಲ್ಕನೆಯವರಾದರು. ಪುರುಷರ ತಂಡವೂ ಅಲ್ಲಿ ಎರಡನೇ ಪಂದ್ಯದಲ್ಲಿ ಆಸ್ಟ್ರೇಲಿಯಾ ಎದುರು 1-7ರಿಂದ ಮಣ್ಣು ಮುಕ್ಕಿ, ಆಮೇಲೆ 41 ವರ್ಷದ ಬರ ಮುಗಿಸಿ ಕಂಚು ತಂದಿತು. ಆಸೆ ಬಿಟ್ಟವರು ಆ ದಿನ ಟಿ.ವಿ. ಹಾಕಿರಲಿಲ್ಲ. ಸರಿ, ಟೋಕಿಯೊ ಆಯಿತು. ಮಹಿಳೆಯರಿಂದ ಮುಂದೆ ನಾವು ಏನು ಕೇಳಿದೆವು? ಏನೂ ಕೇಳಲಿಲ್ಲ. ನಾಲ್ಕನೇ ಸ್ಥಾನವೇ ದೊಡ್ಡದು, ಪಾಪ ಹೆಣ್ಣುಮಕ್ಕಳು ಎಂದು ಬೆನ್ನು ತಟ್ಟಿ ಸುಮ್ಮನಾದೆವು. 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ಎದುರು 0-1ರಿಂದ ಸೋತು ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗುವ ಅವಕಾಶ ಕಳೆದುಕೊಂಡರು. ಮಹಿಳಾ ತಂಡಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಎಂದು ಬಹಿರಂಗವಾಗಿ ನೊಂದುಕೊಂಡ ಕೋಚ್ ಯಾನೆಕೆ ಸ್ಕೋಪ್‌ಮನ್ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ದೇಶಗಳ ನಡುವಿನ 2025ರ ಪ್ರೊ ಲೀಗ್‌ನಲ್ಲಿ ತಂಡ ಕೊನೆಯ ಸ್ಥಾನಕ್ಕಿಳಿದು ಲೀಗಿನಿಂದಲೇ ಹೊರಬಿತ್ತು. ನಿರೀಕ್ಷೆಯೇ ಕೊಲ್ಲುವುದಾದರೆ, ನಿರೀಕ್ಷೆ ಇಲ್ಲದ ಈ ತಂಡ ಬದುಕಬೇಕಿತ್ತಲ್ಲ? ಬದುಕಲಿಲ್ಲ. ಕೇಳುವವರು ಇಲ್ಲದ ಮನೆಗೆ ಯಾರೂ ಹೆಂಚು ಹೊದಿಸುವುದಿಲ್ಲ.

ವಂದನಾ ಅವರ ಹೆಸರು ಬಂದಿತು, ಒಂದು ಮಾತು ಹೇಳಲೇಬೇಕು. ಟೋಕಿಯೊ ಸೆಮಿಫೈನಲ್ ಸೋತ ದಿನ ಹರಿದ್ವಾರದ ಬಳಿ ಅವರ ಮನೆಯ ಮುಂದೆ ಪಟಾಕಿ ಸಿಡಿಸಿ ಜಾತಿ ಹಿಡಿದು ಬೈದರು. ಪೊಲೀಸ್ ಕೇಸಾಯಿತು, ಬಂಧನವೂ ಆಯಿತು. ಆಸೆಗೆ ಲಗಾಮು ಹಾಕಿ ಎನ್ನುವವರು ಇಂಥ ಘಟನೆಗಳನ್ನೇ ತೋರಿಸುತ್ತಾರೆ: ನೋಡಿ, ಅಭಿಮಾನ ಅತಿಯಾದರೆ ಹೀಗಾಗುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಸೋತಾಗ ಪಟಾಕಿ ಹೊಡೆಯುವವನು ಗೆಲುವನ್ನು ಬಯಸಿದವನೇ? ಅದು ಜಾತಿದ್ವೇಷ, ಅಪ್ಪಟ ಅಪರಾಧ. ಅದಕ್ಕೆ ಅಭಿಮಾನ ಎಂದು ಹೆಸರು ಕೊಟ್ಟರೆ ಆ ಪುಂಡರಿಗೆ ಮಾನ ಕೊಟ್ಟಂತೆ, ನಿಜವಾದ ಅಭಿಮಾನಿಗೆ ಅವಮಾನ ಮಾಡಿದಂತೆ. ಆಟಗಾರರನ್ನು ನಿಂದನೆಯಿಂದ ಕಾಪಾಡಿ, ಕಾನೂನು ಇದೆ, ಬಳಸಿ. ಅದರ ನೆಪದಲ್ಲಿ ಪ್ರಶ್ನೆ ಕೇಳುವವರ ಬಾಯಿ ಕಟ್ಟಬೇಡಿ.

ನಿರೀಕ್ಷೆ ಹೇಗಿರಬೇಕು ಎಂದು ನಾನು ಕಂಡದ್ದು ನಾಪೋಕ್ಲುವಿನ ಗ್ಯಾಲರಿಯಲ್ಲಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಹಾಕಿ ಉತ್ಸವ ಪ್ರಕೃತಿ ವಿಕೋಪ, ಕೋವಿಡ್‌ಗಳಿಂದ ಕೆಲವು ವರ್ಷ ನಿಂತು ಮತ್ತೆ ಎದ್ದು ನಿಂತಿದೆ. 2024ರಲ್ಲಿ ಕುಂಡ್ಯೋಳಂಡ ಒಕ್ಕ (ಕೊಡವ ಮನೆತನ) ನಡೆಸಿದಾಗ 360 ಒಕ್ಕಗಳ ತಂಡಗಳು ಬಂದಿದ್ದವು. ಒಂದು ಸೋತರೆ ಮನೆಗೆ. ಅಪ್ಪ, ಮಗಳು ಒಂದೇ ತಂಡದಲ್ಲಿ ಆಡುವುದನ್ನು ನೋಡಬಹುದು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೊಡೆ ಊರಿಕೊಂಡು ಕೂತಿದ್ದರು. ಅವರ ಒಕ್ಕದ ತಂಡ ಮೊದಲ ಪಂದ್ಯ 3-0 ಗೆದ್ದಿತು. ಸುತ್ತಲಿನವರು ಎದ್ದು ಕುಣಿದರು, ಅವರೂ ಎದ್ದರು. ಕೂತ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದ ಹುಡುಗನನ್ನು ಹತ್ತಿರ ಕರೆದರು. "ಚೆನ್ನಾಗಿ ಆಡಿದ್ರಿ. ಬಲಗಡೆ ಬ್ಯಾಕ್ ಮುಂದಕ್ಕೆ ಹೋದವನು ವಾಪಸ್ ಬರ್ತಾ ಇಲ್ಲ. ನಾಳಿದ್ದು ಎದುರಿಗಿರೋ ತಂಡದಲ್ಲಿ ಎಡ ವಿಂಗಿನ ಹುಡುಗ ಓಡ್ತಾನೆ, ನೋಡಿದೀಯಾ?" ಹುಡುಗ, "ನೋಡಿದೀನಿ ಮಾವ, ಬದಲಾಯಿಸ್ತೀವಿ" ಎಂದ. ಹಿರಿಯರ ಮುಖದಲ್ಲಿ ಆಸೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಆಸೆ ಇದ್ದುದರಿಂದಲೇ ಬಲಗಡೆ ಬ್ಯಾಕ್ ಅವರ ಕಣ್ಣಿಗೆ ಬಿದ್ದಿದ್ದ.

ಈ ಕಣ್ಣನ್ನು ದೇಶದ ತಂಡದ ಮೇಲೂ ಇಡೋಣ. 2025ರ ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಪುರುಷರ ತಂಡ ಪ್ರೊ ಲೀಗ್‌ನ ಎಂಟು ಪಂದ್ಯಗಳಲ್ಲಿ ಐದು ಗೆದ್ದಾಗ ಯಾರಾದರೂ ಹೀಗೆ ನೋಡಿದರೇ? ಐದರಲ್ಲಿ ಎರಡು ಗೆಲುವು ಐರ್ಲೆಂಡ್ ಎದುರಿನದು, ಎಂಟೂ ಪಂದ್ಯ ನಮ್ಮದೇ ಟರ್ಫಿನ ಮೇಲೆ. ಜೂನ್‌ನಲ್ಲಿ ಯುರೋಪಿಗೆ ಹೋದ ತಂಡ ಸಾಲಾಗಿ ಏಳು ಸೋತಿತು. ಅದರಲ್ಲಿ ಆರು ಸೋಲು ಒಂದೊಂದೇ ಗೋಲಿನ ಅಂತರದಲ್ಲಿ. ಕೊನೆಗೆ ಬೆಲ್ಜಿಯಂ ಎದುರು 4-3 ಗೆದ್ದು, ಒಂಬತ್ತು ತಂಡಗಳಲ್ಲಿ ಎಂಟನೆಯದಾಗಿ ಉಳಿದುಕೊಂಡಿತು. ಒಂದು ಗೋಲಿನ ಆರು ಸೋಲನ್ನು ನಿರೀಕ್ಷೆಯ ಭಾರ ಎಂದು ತಳ್ಳಿಹಾಕಲು ಸಾಧ್ಯವೇ? ಆಮ್‌ಸ್ಟೆಲ್‌ವೀನ್‌ನಲ್ಲಿ, ಆಂಟ್ವರ್ಪ್‌ನಲ್ಲಿ ನಮ್ಮವರು ಎಷ್ಟು ಜನ ಕೂತಿದ್ದರು ಭಾರ ಹೇರಲು? ಅದೇ ತಂಡ ಸೆಪ್ಟೆಂಬರ್‌ನಲ್ಲಿ ರಾಜಗೀರ್‌ನಲ್ಲಿ ಏಷ್ಯಾ ಕಪ್ ಗೆದ್ದು 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ವರ್ಷಕ್ಕೆ ಮುಂಚೆ ಪ್ಯಾರಿಸ್‌ನಲ್ಲಿ ಇದೇ ಹುಡುಗರಲ್ಲಿ ಬಹುಪಾಲು ಜನ, 1972ರ ನಂತರ ಮೊದಲ ಬಾರಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ್ದರು, ಬ್ರಿಟನ್ ಎದುರು ಒಬ್ಬ ಆಟಗಾರ ಕಡಿಮೆಯಾದರೂ ಗೆದ್ದಿದ್ದರು. ಇವರಿಂದ ದೊಡ್ಡದನ್ನು ಕೇಳುವುದು ದುರಾಸೆಯೇ? ಕೇಳದಿರುವುದೇ ಅವರಿಗೆ ಮಾಡುವ ಅವಮಾನ.

ಆದ್ದರಿಂದ ಇನ್ನು ಮುಂದೆ ಮೂರು ಪಂದ್ಯ ಗೆದ್ದ ರಾತ್ರಿ ಕುಲಾವಿಯ ಗಾದೆ ಹೇಳುವವರಿಗೆ ನೇರವಾಗಿ ಉತ್ತರ ಕೊಡಿ. ಹೆರಿಗೆ ಹತ್ತಿರ ಬಂದ ಮನೆಯಲ್ಲಿ ಹಳೆಯ ಮೆತ್ತನೆ ಬಟ್ಟೆ ಒಗೆದು ಮಡಿಚಿಡುವುದು ತಪ್ಪಲ್ಲ. ಸೂಲಗಿತ್ತಿಯನ್ನು ಕರೆಯದೆ ಇರುವುದು ತಪ್ಪು. ಕ್ರೀಡಾ ಪುಟದವರೇ, ಗೋಲಿನ ಸಂಖ್ಯೆಯ ಪಕ್ಕದಲ್ಲಿ ಎದುರಾಳಿಯ ಶ್ರೇಯಾಂಕ ಹಾಕಿ, ಪೆನಾಲ್ಟಿ ಕಾರ್ನರ್ ಲೆಕ್ಕ ಹಾಕಿ. ರಾಷ್ಟ್ರೀಯ ಶಿಬಿರ ನಡೆಯುವುದು ಬೆಂಗಳೂರಿನ ಜ್ಞಾನಭಾರತಿಯ ಬಳಿ, ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ. ಕನ್ನಡದ ವರದಿಗಾರರಿಗೆ ಅದು ಒಂದು ಬಸ್ಸಿನ ದೂರ. ಪದಕ ಬಂದ ದಿನ ಮಾತ್ರ ಹೋಗಬೇಡಿ, ಶಿಬಿರದ ಮಧ್ಯದಲ್ಲಿ ಹೋಗಿ ಕೋಚ್‌ಗೆ ಕೇಳಿ, ಕೊನೆಯ ಐದು ನಿಮಿಷದ ಅಭ್ಯಾಸ ವಾರಕ್ಕೆ ಎಷ್ಟು ಸಲ ನಡೆಯುತ್ತದೆ ಎಂದು. ಮಾಜಿ ಆಟಗಾರರೇ, ನೀವು ಟರ್ಫಿನ ಮೇಲೆ ಬೆವರು ಸುರಿಸಿದವರು. ಟಿ.ವಿ.ಯಲ್ಲಿ ಕೂತು ನಮಗೆ ಸಮಾಧಾನ ಹೇಳಬೇಡಿ, ಎಲ್ಲಿ ತಪ್ಪುತ್ತಿದೆ ಎಂದು ಬೆರಳಿಟ್ಟು ತೋರಿಸಿ.

ಆಡಳಿತ ನಡೆಸುವವರಿಗೆ ನನ್ನ ಬೇಡಿಕೆ ಇದು. ದೊಡ್ಡ ಟೂರ್ನಿ ಮುಗಿದ ಒಂದು ತಿಂಗಳಲ್ಲಿ, ಗೆದ್ದಿರಲಿ ಸೋತಿರಲಿ, ಪರಿಶೀಲನಾ ವರದಿ ಎಲ್ಲರ ಕೈಗೆ ಸಿಗುವಂತೆ ಪ್ರಕಟಿಸಿ. ಕೋಚ್‌ನನ್ನು ನೇಮಿಸುವಾಗ ಎಷ್ಟು ವರ್ಷಕ್ಕೆ, ಯಾವ ಗುರಿಗೆ ಎಂದು ಹೇಳಿ, ತೆಗೆದರೆ ಯಾಕೆ ಎಂದು ಹೇಳಿ. ಮಹಿಳಾ ತಂಡಕ್ಕೂ ಅದೇ ಗುರಿ, ಅದೇ ಪಂದ್ಯ, ಅದೇ ಹಣ. ಲೀಗ್ ಮತ್ತೆ ನಿಲ್ಲುವುದಿಲ್ಲ ಎಂಬ ಖಾತ್ರಿ ಕೊಡಿ. ಜಕಾರ್ತಾದಲ್ಲಿ ಚಿನ್ನ ಗೆದ್ದಿದ್ದರೆ ಟೋಕಿಯೊಗೆ ನೇರ ಪ್ರವೇಶವಿತ್ತು. ಅದು ತಪ್ಪಿ ಮುಂದಿನ ವರ್ಷ ಭುವನೇಶ್ವರದಲ್ಲಿ ರಷ್ಯಾ ಎದುರು ಅರ್ಹತಾ ಪಂದ್ಯ ಆಡಬೇಕಾಯಿತು. ಇಷ್ಟು ದೊಡ್ಡ ಬೆಲೆ ತೆತ್ತ ಆ ಒಂದು ಸೆಮಿಫೈನಲ್ ಬಗ್ಗೆ, ಆ ಎರಡು ನಿಮಿಷದಲ್ಲಿ ಎಲ್ಲಿ ಎಡವಿದೆವು ಎಂದು ವಿವರಿಸುವ ಒಂದು ಹಾಳೆಯೂ ಅಭಿಮಾನಿಯ ಕೈಗೆ ಬಂದದ್ದನ್ನು ನಾನು ಕಂಡಿಲ್ಲ. ಅದನ್ನು ಈಗಲಾದರೂ ಕೊಡಿ. ಕುಶಾಲನಗರದ ಆ ಕೋಣೆಯಲ್ಲಿ ಮಲೇಷ್ಯಾ ಎಂಬ ಹೆಸರಿನ ಮುಂದೆ 2-2 ಎಂದು ಬರೆದ ಹುಡುಗಿ, ಅದರ ಕೆಳಗೆ ಇನ್ನೂ ನಾಲ್ಕು ಗೆರೆ ಖಾಲಿ ಬಿಟ್ಟಿದ್ದಳು.